ಬುಧವಾರದ ಕುರ್ಚಿ

ಬುಧವಾರ ಮನೆಯಲ್ಲೇ ಇದ್ದುಬಿಡಿ ಅನ್ನುವ ಸಲಹೆ ನೆನಪಿದೆ ಅಲ್ವಾ? 2025ರಲ್ಲಿ ಹೊರ ವರ್ತುಲ ರಸ್ತೆಯ ಕಂಪನಿಗಳ ಜೊತೆ ಕೂತು ಬೆಂಗಳೂರಿನ ಸಂಚಾರ ಪೊಲೀಸರು ಕೊಟ್ಟಿದ್ದು. ಬುಧವಾರ ಗಾಡಿಗಳು ಜಾಸ್ತಿಯಂತೆ, ಅವತ್ತು ಮನೆಯಿಂದ ಕೆಲಸ ಮಾಡಿ ಅಂದರು. ಆಫೀಸನ್ನು ಬೆಳಿಗ್ಗೆ 7.30ಕ್ಕೇ ಶುರು ಮಾಡಿ ಅಂತಲೂ ಅಂದರು. ತುಂಬ ಒಳ್ಳೆಯ ಸಲಹೆ. ಹೊಟ್ಟೆನೋವು ಅಂತ ಹೋದವನಿಗೆ ವಾರಕ್ಕೊಂದು ದಿನ ಊಟ ಬಿಡಿ, ಮಿಕ್ಕ ದಿನ ಕೋಳಿ ಕೂಗುವ ಮೊದಲೇ ಉಣ್ಣಿ ಅಂದ ಹಾಗೆ.

ನಮ್ಮ ಕಂಪನಿ ಇದನ್ನು ತಲೆ ಮೇಲೆ ಹೊತ್ತುಕೊಂಡಿತು. ಆದರೆ ಮೊದಲು ಒಂದು ಫಾರಂ ತುಂಬಬೇಕು. ಮನೆಯಲ್ಲಿ ಕೆಲಸಕ್ಕೆ ಪ್ರತ್ಯೇಕ ಜಾಗ ಇದೆ ಅಂತ ಸ್ವಯಂ ಘೋಷಣೆ. ಬಾಗಿಲಿರುವ ಕೋಣೆ, ಬೆನ್ನಿಗೆ ಆಸರೆ ಇರುವ ಕುರ್ಚಿ, ಕಣ್ಣಿನ ಮಟ್ಟಕ್ಕೆ ಸ್ಕ್ರೀನು, ಎರಡು ಗಂಟೆ ಕರೆಂಟ್ ಬ್ಯಾಕಪ್ಪು. ಜೊತೆಗೆ ಆ ಜಾಗದಲ್ಲಿ ಕೂತ ಎರಡು ಫೋಟೊ. ಒಂದು ಎದುರಿನಿಂದ, ಒಂದು ಪಕ್ಕದಿಂದ. ಠಾಣೆಯಲ್ಲಿ ಕಳ್ಳರ ಫೋಟೊ ತೆಗೆಯುವುದೂ ಹೀಗೇ.

ಬಾಗಿಲಿರುವ ಕೋಣೆ ನಮ್ಮಲ್ಲಿ ಇದೆ. ಅರ್ಧ ಇದೆ. ನಮ್ಮದು ಎರಡೂವರೆ ಬೆಡ್‌ರೂಮಿನ ಫ್ಲ್ಯಾಟು. ಅರ್ಧ ಲೀಟರ್ ಹಾಲು ಕೇಳಿದ್ದೆ, ಅರ್ಧ ಟಿಕೆಟ್ ಕೇಳಿದ್ದೆ, ಬೈಟು ಕಾಫಿ ಕುಡಿದೇ ಬೆಳೆದವನು. ಆದರೆ ಕೋಣೆಯನ್ನೂ ಬೈಟು ಮಾಡಿ ಮಾರಬಹುದು ಅಂತ ಕಂಡುಹಿಡಿದವನ ಕಾಲಿಗೆ ಬೀಳಬೇಕು. ಬ್ರೋಶರಿನಲ್ಲಿ ಅದರ ಹೆಸರು ‘ಸ್ಟಡಿ’. ಚಿತ್ರದಲ್ಲಿ ಕನ್ನಡಕದ ಮನುಷ್ಯನೊಬ್ಬ ಆರಾಮಾಗಿ ಕಾಲು ಚಾಚಿ ಪುಸ್ತಕ ಓದುತ್ತಿದ್ದ. ಮನೆಗೆ ಬಂದ ಮೇಲೆ ನಾನೂ ಕಾಲು ಚಾಚಿ ನೋಡಿದೆ. ಗೋಡೆಗೆ ತಾಗಿತು. ಈಗ ಅಲ್ಲಿ ಊರಿಂದ ಬಂದ ಕುಚ್ಚಲಕ್ಕಿ ಚೀಲ, ಮೂರು ಸೂಟ್‌ಕೇಸು, ಗಣಪತಿ ಕೂರಿಸುವ ಮಂಟಪ, ಮಗಳು ಬಿಟ್ಟ ಸೈಕಲ್ಲು ಮತ್ತು ಇಸ್ತ್ರಿ ಟೇಬಲ್ ಇವೆ. ಇಷ್ಟೂ ಹೊರಗೆ ತಂದರೆ ಕೋಣೆ ಸಿಗುತ್ತದೆ, ಹಾಲ್ ಹೋಗುತ್ತದೆ.

ಮಂಟಪ ಮಾತ್ರ ಮಂಚದ ಕೆಳಗೆ ತಳ್ಳಿ, ಇಸ್ತ್ರಿ ಟೇಬಲನ್ನೇ ಮೇಜು ಮಾಡಿಕೊಂಡೆ. ಆಗ ಅಪ್ಪ ಬಂದರು.

“ಎತ್ಲಾಗೆ ಮುಖ ಮಾಡಿ ಕೂತದ್ದು ನೀನು?”

“ಗೋಡೆ ಕಡೆಗೆ.”

“ಅದು ದಕ್ಷಿಣ ಮಾರಾಯ. ಪೂರ್ವಕ್ಕೆ ಕೂತ್ಕೋ. ಇಲ್ಲಾಂದ್ರೆ ಉತ್ತರಕ್ಕೆ, ಕುಬೇರ ಇರುವ ದಿಕ್ಕು.”

ಪೂರ್ವಕ್ಕೆ ಕೂತರೆ ಕಿಟಕಿಯ ಬಿಸಿಲು ಕಣ್ಣಿಗೆ. ಉತ್ತರದ ಗೋಡೆಯ ಆಚೆ ಬಚ್ಚಲು, ಕುಬೇರ ಅಲ್ಲಿ ಹೇಗಿದ್ದಾನೋ ಗೊತ್ತಿಲ್ಲ. ಪ್ಲಗ್ ಪಾಯಿಂಟ್ ಇರುವುದು ನೈರುತ್ಯದಲ್ಲಿ. ಕೊನೆಗೆ ಕುಬೇರನಿಗೇ ಮಣಿದು, ಕೋಣೆಗೆ ಅಡ್ಡಲಾಗಿ ಎಕ್ಸ್‌ಟೆನ್ಶನ್ ವೈರ್ ಎಳೆದೆ. ಅದಕ್ಕೆ ಇದುವರೆಗೆ ಎಡವಿದವರು ಇಬ್ಬರು. ಅಪ್ಪ ಎರಡು ಸಲ.

ಸ್ಕ್ರೀನು ಕಣ್ಣಿನ ಮಟ್ಟಕ್ಕೆ ಬರಬೇಕಾದರೆ ಲ್ಯಾಪ್‌ಟಾಪನ್ನು ಐದಾರು ಇಂಚು ಎತ್ತಬೇಕು. ಅಂಗಡಿಯಲ್ಲಿ ಅದಕ್ಕೊಂದು ಸ್ಟ್ಯಾಂಡ್ ಸಿಗುತ್ತದೆ. ನಮ್ಮಲ್ಲಿ ಅವಲಕ್ಕಿ ಡಬ್ಬ ಸಿಕ್ಕಿತು. ದುಂಡಗಿನ ಸ್ಟೀಲ್ ಡಬ್ಬ, ಮುಚ್ಚಳದ ಮೇಲೆ ಅಮ್ಮನ ಹೆಸರು ಮತ್ತು ಊರಿನ ಮನೆ ಒಕ್ಕಲಾದ ತಾರೀಖು ಕೆತ್ತಿಸಿದ್ದು. ಕೀಲಿ ಒತ್ತಿದಾಗಲೆಲ್ಲ ಒಳಗೆ ಅವಲಕ್ಕಿ ಸರಸರ ಅನ್ನುತ್ತದೆ. ಮೊನ್ನೆ ಮೀಟಿಂಗಿನಲ್ಲಿ ಪುಣೆಯವರೊಬ್ಬರು “ಯಾರ ಕಡೆ ಮಳೆ ಬರ್ತಿದೆ?” ಅಂತ ಕೇಳಿದರು. ನಾಲ್ಕು ಗಂಟೆಗೆ ನನ್ನ ಹೆಂಡತಿ ಮಾತಾಡದೆ ಬಂದು, ಲ್ಯಾಪ್‌ಟಾಪ್ ಎತ್ತಿ, ಡಬ್ಬ ತೆಗೆದುಕೊಂಡು ಹೋಗುತ್ತಾಳೆ. ಅವಳಿಗೂ ಊಟದ ಮೇಜಿನ ಮೇಲೆ ಆಫೀಸು ನಡೆಯುತ್ತಿರುತ್ತದೆ, ಪುರುಸೊತ್ತಿಲ್ಲ. ಅಲ್ಲಿಂದ ಸಂಜೆಯವರೆಗೆ ನಮ್ಮ ಕ್ಲೈಂಟು ನೋಡುವುದು ನನ್ನ ಮೂಗಿನ ಹೊಳ್ಳೆಗಳನ್ನು.

ಇನ್ನು ಕುರ್ಚಿ. ಹುಡುಕಲು ಕೂತರೆ ನಾಲ್ಕು ಸಾವಿರದಿಂದ ನಲವತ್ತು ಸಾವಿರದವರೆಗೆ ಇದೆ. ಸೊಂಟಕ್ಕೆ ಒಂದು ದಿಂಬು, ಕತ್ತಿಗೆ ಒಂದು ದಿಂಬು, ಮೊಣಕೈಗೆ ನಾಲ್ಕು ದಿಕ್ಕಿಗೆ ತಿರುಗುವ ಕೈ. ನಮ್ಮ ಶಾನುಭೋಗರಿಗೆ ಇದು ಯಾವುದೂ ಇರಲಿಲ್ಲ ನೋಡಿ. ಜಗಲಿಯ ಮೇಲೆ ಚಾಪೆ, ಮುಂದೆ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ, ಪಕ್ಕದಲ್ಲಿ ಎಲೆಅಡಿಕೆ ತಟ್ಟೆ. ಇಡೀ ಊರಿನ ಲೆಕ್ಕ ಆ ಪೆಟ್ಟಿಗೆಯೊಳಗೆ. ತಲೆತಲಾಂತರದಿಂದ ಮನೆಯಿಂದಲೇ ಕೆಲಸ. ಕಂಬಕ್ಕೆ ಒರಗಿದರೆ ಅದೇ ಬೆನ್ನಿಗೆ ಆಸರೆ. ಅವರ ಮಾತು ಮಧ್ಯದಲ್ಲಿ ಕೇಳಿಸದೆ ಹೋದರೆ ಅದು ನೆಟ್‌ವರ್ಕಿನ ತಪ್ಪಲ್ಲ, ಬಾಯಲ್ಲಿ ತಾಂಬೂಲ ಇತ್ತು ಅಂತ ಅರ್ಥ. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಬಂದು ಆ ವಂಶದ ಕುರ್ಚಿ ಹೋಯಿತು. ಕುರ್ಚಿಯೇ ಇರಲಿಲ್ಲ, ಚಾಪೆ ಹೋಯಿತು ಅನ್ನಿ.

ನಾನು ಕೊಂಡದ್ದು ಹನ್ನೊಂದು ಸಾವಿರದ ಕುರ್ಚಿ. ಅದರಲ್ಲಿ ಶೇ 18 ಜಿಎಸ್‌ಟಿ ಸೇರಿದೆ. ಇಂಟರ್‌ನೆಟ್ಟಿಗೂ ಶೇ 18. ಸ್ವಂತ ಪ್ರಾಕ್ಟೀಸ್ ಇರುವ ವಕೀಲರು, ಲೆಕ್ಕಪರಿಶೋಧಕರು ಮನೆ ಆಫೀಸಿನ ಖರ್ಚನ್ನು ಆದಾಯದಲ್ಲಿ ಕಳೆದು ತೋರಿಸಬಹುದು. ಸಂಬಳದವನಿಗೆ ಆ ಭಾಗ್ಯ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದವರಿಗೆಲ್ಲ ಕೊಡುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, ಕುರ್ಚಿಯನ್ನೂ ಅದರೊಳಗೇ ಕೂರಿಸಿಕೊಳ್ಳಬೇಕು. ಇನ್ನು ಕರೆಂಟು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ತಿಂಗಳ ಕೊನೆಯಲ್ಲಿ ಅಪ್ಪ ದಿನಾ ಸಂಜೆ ಟಾರ್ಚ್ ಹಿಡಿದು ಕೆಳಗಿಳಿದು ಮೀಟರ್ ನೋಡಿ ಬರುತ್ತಾರೆ. “ನೂರ ತೊಂಬತ್ತೊಂದು. ನಾಳೆ ಆ ಎರಡನೇ ಟಿವಿ ಹಾಕ್ಬೇಡ.” ಎರಡನೇ ಟಿವಿ ಅಂದರೆ ನನ್ನ ಮಾನಿಟರ್.

ಈ ಮನೆಯಲ್ಲಿರಿ ಅನ್ನುವ ಪರಿಹಾರ ಹೊಸದೇನಲ್ಲ. 2021ರ ಆಗಸ್ಟಿನಲ್ಲಿ ರಾಜ್ಯದ ಐಟಿ ಬಿಟಿ ಇಲಾಖೆ ಹೊರ ವರ್ತುಲ ರಸ್ತೆಯ ಕಂಪನಿಗಳಿಗೆ ಹೀಗೇ ಹೇಳಿತ್ತು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕೆಲಸ ನಡೀತಿದೆ, 2022ರ ಡಿಸೆಂಬರ್ ತನಕ ಜನರನ್ನು ಮನೆಯಿಂದಲೇ ದುಡಿಸಿ ಅಂತ. ಕೊರೊನಾಕ್ಕೆ ಮನೆಯಲ್ಲಿರಿ ಅಂದಿದ್ದು ಸರಿ. ಇದು ಕಂಬಕ್ಕೆ ಹೆದರಿ ಮನೆಯಲ್ಲಿರುವುದು. ಡಿಸೆಂಬರ್ ಬಂತು, ಹೋಯಿತು. ಕಂಬ ಇತ್ತು, ರೈಲಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಪ್ರೊದ ಅಜೀಂ ಪ್ರೇಮ್‌ಜಿ ಅವರಿಗೆ ಪತ್ರ ಬರೆದು, ಸರ್ಜಾಪುರ ರಸ್ತೆಯ ನಿಮ್ಮ ಕ್ಯಾಂಪಸ್ಸಿನೊಳಗೆ ಒಂದಿಷ್ಟು ಗಾಡಿ ಬಿಡುತ್ತೀರಾ ಅಂತ ಕೇಳಿದರು. ಅದು ಖಾಸಗಿ ಜಾಗ, ಆಗಲ್ಲ ಅಂತ ಉತ್ತರ ಬಂತು. ಅವರು ಇಲ್ಲ ಅಂದ ಮೇಲೆ ಮುಂದಿನ ಪತ್ರ ನಮ್ಮ ಮನೆಗೇ ಬರಬಹುದು. ಹಾಲಿನಲ್ಲಿ ದ್ವಿಚಕ್ರ ಬಿಡಬಹುದು ಸ್ವಾಮಿ, ವೈರ್ ಒಂದು ನೋಡಿಕೊಂಡು ದಾಟಬೇಕು.

ಸಾಕಪ್ಪ ಬೆಂಗಳೂರು, ಊರಿಂದಲೇ ಕೆಲಸ ಮಾಡೋಣ ಅಂತ ಒಂದು ಮಳೆಗಾಲ ಬಂಟ್ವಾಳದ ಕಡೆ ನಮ್ಮ ಮನೆಗೆ ಹೋಗಿದ್ದೆ. ಅಲ್ಲಿ ಜಾಗಕ್ಕೆ ಬರ ಇಲ್ಲ. ಇಡೀ ಚಾವಡಿ ನನ್ನದು, ಉತ್ತರ ದಿಕ್ಕು ಧಾರಾಳ. ಸಿಗ್ನಲ್ ಮಾತ್ರ ಗುಡ್ಡೆಯ ತಲೆಯಲ್ಲಿ, ಗೇರುಮರದ ಬುಡದಲ್ಲಿ, ಅದೂ ಫೋನನ್ನು ಎದೆ ಮಟ್ಟಕ್ಕೆ ಹಿಡಿದರೆ. ಮೂರನೇ ದಿನ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನ್ ಹಿಡಿದು ‘ನನ್ನ ದನಿ ಕೇಳ್ತಿದೆಯಾ’ ಅಂತ ಕೂಗುತ್ತಿದ್ದಾಗ, 2021ರ ಜೂನಿನ ಆ ಫೋಟೊ ನೆನಪಾಯಿತು. ಸುಳ್ಯ ತಾಲೂಕಿನಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿ ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಅವಳ ತಲೆ ಮೇಲೆ ಕೊಡೆ ಹಿಡಿದು ನಿಂತಿದ್ದಾನೆ. ಎಷ್ಟು ಹೊಗಳಿದೆವು ಆ ಅಪ್ಪನನ್ನು. ಆ ಫೋಟೊ ಬರುವ ಹತ್ತು ತಿಂಗಳ ಮುಂಚೆ, 2020ರ ಆಗಸ್ಟ್ 15ಕ್ಕೆ, ಕೆಂಪುಕೋಟೆಯ ಮೇಲಿಂದ ಘೋಷಣೆ ಆಗಿತ್ತು: 1000 ದಿನದಲ್ಲಿ ಆರು ಲಕ್ಷ ಹಳ್ಳಿಗೂ ಆಪ್ಟಿಕಲ್ ಫೈಬರ್. ಲೆಕ್ಕ ಹಾಕಿ, ಆ ಸಾವಿರ ದಿನ 2023ರ ಮೇ ತಿಂಗಳಿಗೆ ಮುಗಿಯಿತು. ಆಗಸ್ಟಿನಲ್ಲಿ ಅದೇ ಕೆಲಸಕ್ಕೆ ಮತ್ತೆ 1,39,579 ಕೋಟಿ ಮಂಜೂರಾಯಿತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ರಸ್ತೆ ಮಾಡಲಾಗದವರು ಮನೆಯಲ್ಲಿರಿ ಅಂತಾರೆ. ಮನೆಗೆ ತಂತಿ ಎಳೆಯಲಾಗದವರು ಗುಡ್ಡೆ ಹತ್ತಿದವನ ಛಲ ಮೆಚ್ಚುತ್ತಾರೆ. ನನಗೆ ಬೇಜಾರು ಬಂದುಬಿಟ್ಟಿದೆ. ಆ ಅಪ್ಪನ ಕೈ ನೋಯುತ್ತಿತ್ತು ಅಂತ ಯಾರಿಗೂ ಅನ್ನಿಸಲಿಲ್ಲವಾ?

ಇರಲಿ. ಎಚ್‌ಆರ್‌ಗೆ ಫೋಟೊ ಕಳಿಸಬೇಕು. ಮೊಣಕಾಲು ನೋವಿಗೆ ಡಾಕ್ಟರಿಗೆ ತೋರಿಸಲು ದೊಡ್ಡಮ್ಮ ಊರಿಂದ ಬಂದಿದ್ದಾರೆ. ಅವರ ಕೈಗೇ ಫೋನ್ ಕೊಟ್ಟು, ಪಕ್ಕದಿಂದ ಒಂದು ತೆಗೆಯಿರಿ ಅಂದೆ. ದೊಡ್ಡಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಬಾಗಿಲ ಬೆಳಕಿಗೆ ಕಾಲು ನೀಡಿ, ಗೋಡೆಗೆ ಬೆನ್ನು ಕೊಟ್ಟು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕೂತರೆ ಸಂಜೆಗೆ ಸಾವಿರ ಬೀಡಿ. ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ತಗೊಳ್ಳುವುದು ಬ್ರಾಂಚಿನವರು. ಎಲೆ ಒಣಗದ ಹಾಗೆ ಒದ್ದೆ ಬಟ್ಟೆ, ಅಳತೆಗೆ ತಗಡಿನ ತುಂಡು, ಕತ್ತರಿ, ನೂಲು. ಆ ಗೆರಸೆಯಷ್ಟು ಅಚ್ಚುಕಟ್ಟಾದ ಮೇಜನ್ನು ನಾನು ಇಲ್ಲಿಯವರೆಗೆ ಯಾವ ಆಫೀಸಿನಲ್ಲೂ ಕಂಡಿಲ್ಲ. ಅವರ ಕೆಲಸಕ್ಕೆ ಯಾರೂ ಇಂಗ್ಲಿಷಿನಲ್ಲಿ ಹೆಸರಿಡಲಿಲ್ಲ, ಬುಧವಾರದ ರಜೆಯನ್ನೂ ಕೊಡಲಿಲ್ಲ.

ಫೋಟೊ ತೆಗೆಯದೆ ಸುಮ್ನೆ ಕುರ್ಚಿಯನ್ನೇ ಸುತ್ತು ಹಾಕಿ ನೋಡಿದರು.

“ಇದು ಕಂಪನಿಯವ್ರು ಕೊಟ್ಟದ್ದಾ?”

“ಅಲ್ಲ ದೊಡ್ಡಮ್ಮ, ನಾನು ತಗೊಂಡದ್ದು.”

“ಕರೆಂಟು?”

“ನಮ್ದೇ.”

“ಆ ಡಬ್ಬ ನಿಮ್ಮ ಅಮ್ಮಂದು, ಗುರ್ತ ಸಿಕ್ತು. ಹಾಗಾದ್ರೆ ಅವ್ರು ಕೊಟ್ಟದ್ದು ಎಂತ?”

“ಲ್ಯಾಪ್‌ಟಾಪು.”

ದೊಡ್ಡಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ನಮ್ಮ ಬೀಡಿ ಬ್ರಾಂಚಿನವ್ರೇ ಅಡ್ಡಿಲ್ಲ ಮಾರಾಯ. ಎಲೆ ಕಮ್ಮಿ ಬಿದ್ರೆ ಮಾತ್ರ ನಾವು ಕೈಯಿಂದ ಹಾಕ್ತಿದ್ದದ್ದು.”