ಕ್ಯಾಬಿನೆಟ್ ಬಿಚ್ಚದೆ ತೀರ್ಪು ಕೊಡುವವರಿಗೆ

ಶಿವಮೊಗ್ಗದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಇವತ್ತು ಕಂಡದ್ದನ್ನು ಬರೆಯದೆ ಮಲಗಲಾರೆ. ಅಂಗಡಿಯ ಹೆಸರು ಕೇಳಬೇಡಿ, ಬರೆಯುವುದಿಲ್ಲ. ಇದು ಒಂದು ಅಂಗಡಿಯ ಚಾಳಿಯಲ್ಲ.

ಕೋಣಂದೂರಿನ ನನ್ನ ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ತಾನು ಕೂಡಿಟ್ಟ ಹಣಕ್ಕೆ ಭಾವ ಅಡಿಕೆ ಮಾರಿದ ದುಡ್ಡಿನಲ್ಲಿ ಕೊಟ್ಟದ್ದನ್ನು ಸೇರಿಸಿ, ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿಕೊಂಡು, ಕೈಯಾರೆ ತನ್ನ ಮೊದಲ ಕಂಪ್ಯೂಟರ್ ಜೋಡಿಸಿದ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಅಪ್ಪ ಮಗ ಇಬ್ಬರೂ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ತೀರ್ಪು ಹೊರಬಿದ್ದಿತ್ತು. "ಬೋರ್ಡ್ ಹೋಗಿದೆ. ಹೊಸದು ಹಾಕಬೇಕು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದರೆ ಹೀಗೇ ಆಗುವುದು." ಬೋರ್ಡ್ ಎಂದರೆ ಮದರ್‌ಬೋರ್ಡ್, ಉಳಿದ ಭಾಗಗಳೆಲ್ಲ ಕೂರುವ ಮುಖ್ಯ ಹಲಗೆ.

ಕ್ಯಾಬಿನೆಟ್‌ನ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಕರೆಂಟ್ ಕೊಟ್ಟು ಬಟನ್ ಒತ್ತಿ ನೋಡಿದ್ದಷ್ಟೇ. ತೋಟಕ್ಕೆ ಕಾಲಿಡದೆ ರಸ್ತೆಯಲ್ಲಿ ನಿಂತೇ ಕೊಳೆರೋಗ ಬಂದಿದೆ ಎನ್ನುವವನನ್ನು ನಾವು ಯಾರಾದರೂ ನಂಬುತ್ತೇವೆಯೇ? ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಹೇಳಿದ್ದನ್ನೆಲ್ಲ ನಂಬಿ ದುಡ್ಡು ಎಣಿಸಿ ಕೊಟ್ಟು ಬರುತ್ತೇವೆ. ಭಾವ ಆಗಲೇ ಜೇಬಿಗೆ ಕೈ ಹಾಕಿದ್ದರು. ಹುಡುಗ ನೆಲ ನೋಡುತ್ತಾ ನಿಂತಿದ್ದ.

ದುರ್ಗಿಗುಡಿಯಲ್ಲಿ ನನ್ನ ಅಂಗಡಿ ಇದ್ದ ಕಾಲ ನಿಮಗೆಲ್ಲ ಗೊತ್ತಿದೆ. ಹಾಗಾಗಿ ಹೊರಗಿನವನಾಗಿ ಈ ಮಾತು ಹೇಳುತ್ತಿಲ್ಲ. "ಬೋರ್ಡ್ ಹೋಗಿದೆ" ಎಂಬುದು ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಬಾಯಿಂದ ಬರಬೇಕಾದ ಕೊನೆಯ ಮಾತು. ಅದನ್ನೇ ಮೊದಲ ಮಾತಾಗಿ ಆಡುವುದು ಈ ಕಸುಬಿಗೆ ಮಾಡುವ ಅವಮಾನ.

ಯಂತ್ರವೇನು ಮೂಕವಲ್ಲ. ಬಟನ್ ಒತ್ತಿದ ಕ್ಷಣದಿಂದ ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. 1981ರ ಐಬಿಎಂ ಪಿಸಿಯಲ್ಲಿಯೇ ಈ ವ್ಯವಸ್ಥೆ ಇತ್ತು. ತೊಂದರೆ ಕಂಡರೆ ಸ್ಪೀಕರ್‌ನಲ್ಲಿ ಬೀಪ್ ಕೊಡುತ್ತಿತ್ತು. ಈಗಿನ ಅನೇಕ ಮದರ್‌ಬೋರ್ಡ್‌ಗಳ ಅಂಚಿನಲ್ಲಿ ಸಾಸಿವೆ ಗಾತ್ರದ ನಾಲ್ಕು ದೀಪಗಳಿರುತ್ತವೆ. ಪಕ್ಕದಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ಅಚ್ಚಾಗಿರುತ್ತದೆ. ಕ್ರಮವಾಗಿ ಪ್ರೊಸೆಸರ್, ರ್‍ಯಾಮ್ ಎಂಬ ತಾತ್ಕಾಲಿಕ ನೆನಪಿನ ಪಟ್ಟಿ, ಪರದೆಗೆ ಚಿತ್ರ ಕಳಿಸುವ ಭಾಗ, ಕಂಪ್ಯೂಟರನ್ನು ಏಳಿಸುವ ಡಿಸ್ಕ್ ಎಂದರ್ಥ. ಪರೀಕ್ಷೆ ಎಲ್ಲಿ ನಿಂತಿತೋ ಅಲ್ಲಿಯ ದೀಪ ಉರಿಯುತ್ತಲೇ ಇರುತ್ತದೆ. ಅದನ್ನು ನೋಡಬೇಕಾದರೆ ಕ್ಯಾಬಿನೆಟ್ ಬಿಚ್ಚಬೇಕು, ತಲೆ ಬಗ್ಗಿಸಬೇಕು. ಅಷ್ಟೇ.

ಭಾವನ ಕೈ ಹಿಡಿದು ಹೊರಗೆ ಕರೆತಂದೆ. ಮನೆಗೆ ಬಂದು ಊಟದ ಮೇಜಿನ ಮೇಲೆ ಕ್ಯಾಬಿನೆಟ್ ಮಲಗಿಸಿ ಬಿಚ್ಚಿದೆವು. ಹುಡುಗನ ಕೆಲಸ ನೋಡಿ ಮನಸ್ಸು ತುಂಬಿ ಬಂತು. ಬೋರ್ಡ್‌ಗೆ ವಿದ್ಯುತ್ ಕೊಡುವ 24 ಪಿನ್ನಿನ ದೊಡ್ಡ ಕನೆಕ್ಟರ್ ಗಟ್ಟಿಯಾಗಿ ಕೂತಿದೆ. ಪ್ರೊಸೆಸರ್‌ಗೆ ವಿದ್ಯುತ್ ಕೊಡುವ, ಅದರ ಪಕ್ಕದ 8 ಪಿನ್ನಿನದೂ ಇದೆ. ಹೊಸಬರು ಮರೆಯುವುದು ಇದನ್ನೇ. ಇದಿಲ್ಲದಿದ್ದರೂ ಫ್ಯಾನ್ ತಿರುಗುವುದರಿಂದ ಎಲ್ಲ ಸರಿಯಿದೆ ಎಂದು ತೋರುತ್ತದೆ. ಬೋರ್ಡ್‌ನ ಕೆಳಗೆ ಅದನ್ನು ಕ್ಯಾಬಿನೆಟ್‌ಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು ಸರಿಯಾದ ಜಾಗದಲ್ಲಿಯೇ ಇದ್ದವು. ವೈರ್‌ಗಳನ್ನೆಲ್ಲ ಹಿಂದಿನಿಂದ ಎಳೆದು ಒಪ್ಪವಾಗಿ ಕಟ್ಟಿದ್ದ. ಸ್ವಿಚ್ ಹಾಕಿದೆ. ಡಿರ್‍ಯಾಮ್ ಎಂಬ ಅಕ್ಷರಗಳ ಪಕ್ಕದಲ್ಲಿ ಹಳದಿ ಚುಕ್ಕೆ ಉರಿಯಿತು.

ಸ್ವಿಚ್ ತೆಗೆದು, ಕಂಪ್ಯೂಟರ್‌ಗೆ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ವೈರ್ ಕಿತ್ತು, ಹುಡುಗನಿಗೇ ಹೇಳಿದೆ, "ರ್‍ಯಾಮ್‌ನ ಎರಡೂ ತುದಿ ಬೆರಳಿನಿಂದ ಮುಟ್ಟಿ ನೋಡು." ಒಂದು ತುದಿ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಕೆಲವು ಬೋರ್ಡ್‌ಗಳ ಸ್ಲಾಟ್‌ನಲ್ಲಿ ಒಂದೇ ಕಡೆ ಕೊಂಡಿ ಇರುತ್ತದೆ, ಆ ಕಡೆ ಸದ್ದು ಬಂತೆಂದರೆ ಕೂತಿತು ಎಂದುಕೊಳ್ಳುತ್ತಾರೆ. ಕೊಂಡಿಯಿಲ್ಲದ ಕಡೆ ಪೂರ್ತಿ ಇಳಿದಿರುವುದಿಲ್ಲ. ಹೆಬ್ಬೆರಳು ಊರಿ ಒತ್ತಿದ. ಟಕ್ ಎಂದಿತು.

ಮತ್ತೆ ಕರೆಂಟ್ ಕೊಟ್ಟರೂ ಪರದೆ ಕಪ್ಪು, ಅದೇ ಹಳದಿ ದೀಪ. ಭಾವ "ಬಿಡಿ, ಅಂಗಡಿಯವರು ಹೇಳಿದ್ದೇ ನಿಜ" ಎಂದು ಸ್ವಿಚ್ ಕಡೆ ಕೈ ಚಾಚಿದರು. ತಡೆದೆ. ಇದು ಹೊಸ ತಲೆಮಾರಿನ ಡಿಡಿಆರ್5 ರ್‍ಯಾಮ್. ಮೊದಲ ಸಲ ಶುರುವಾಗುವಾಗ ಪ್ರೊಸೆಸರ್ ಆ ರ್‍ಯಾಮ್‌ನೊಡನೆ ಯಾವ ವೇಗದಲ್ಲಿ, ಯಾವ ಹೊಂದಾಣಿಕೆಯಲ್ಲಿ ತಪ್ಪಿಲ್ಲದೆ ಮಾತಾಡಬಹುದು ಎಂದು ಒಂದೊಂದಾಗಿ ಪ್ರಯತ್ನಿಸಿ ನೋಡುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. 2022ರಲ್ಲಿ ಬಂದ ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಮಾದರಿಯ ಬೋರ್ಡ್‌ಗಳಲ್ಲಿ ಇದಕ್ಕೆ ಹಲವು ನಿಮಿಷವೇ ಹಿಡಿಯಬಹುದು. ಅಷ್ಟು ಹೊತ್ತೂ ಪರದೆ ಕಪ್ಪಾಗಿರುತ್ತದೆ, ರ್‍ಯಾಮ್‌ನ ದೀಪ ಉರಿಯುತ್ತಿರುತ್ತದೆ. ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ. ಕಾಯಲು ತಾಳ್ಮೆಯಿಲ್ಲದವರು ಎಷ್ಟು ಒಳ್ಳೆಯ ಬೋರ್ಡ್‌ಗಳಿಗೆ ಸತ್ತಿದೆ ಎಂಬ ಪಟ್ಟ ಕಟ್ಟಿ ಕಳಿಸಿದ್ದಾರೋ!

ಕಾದೆವು. ದೀಪ ಆರಿತು, ಪರದೆಯಲ್ಲಿ ಬೋರ್ಡ್‌ನೊಳಗಿನ ಮೊದಲ ತಂತ್ರಾಂಶವಾದ ಬಯೋಸ್‌ನ ಅಕ್ಷರಗಳು ಮೂಡಿದವು. ಬೋರ್ಡ್ ಎಲ್ಲಿಗೂ ಹೋಗಿರಲಿಲ್ಲ.

ಕಸುಬಿನ ಗೆಳೆಯರು ಏನು ಹೇಳುತ್ತಾರೆಂದು ಗೊತ್ತಿದೆ. ಸಾಮಾನನ್ನು ಆನ್‌ಲೈನ್‌ನಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಕೊಳ್ಳುತ್ತಾರೆ, ತೊಂದರೆ ಮಾತ್ರ ನಮ್ಮ ಬಾಗಿಲಿಗೆ ತರುತ್ತಾರೆ. ಬಿಚ್ಚಿದ ಮೇಲೆ ಬೇರೆ ಏನಾದರೂ ಕೆಟ್ಟರೆ ನಮ್ಮ ತಲೆಗೆ ಕಟ್ಟುತ್ತಾರೆ. ಬಾಡಿಗೆ ಯಾರು ಕಟ್ಟುವವರು? ಬಾಡಿಗೆಯ ಕಷ್ಟ ನನಗೂ ಗೊತ್ತು, ಕಟ್ಟಿದ್ದೇನೆ. ಹಾಗಿದ್ದರೆ ಪರೀಕ್ಷೆಗೆ ಇಷ್ಟು ಹಣ ಎಂದು ಗೋಡೆಯ ಮೇಲೆ ಬರೆದು ಹಾಕಿ, ಪಡೆದುಕೊಳ್ಳಿ. ಆಗುವುದಿಲ್ಲವೆಂದರೆ ಆಗುವುದಿಲ್ಲ ಎಂದು ಹೇಳಿ ಕಳಿಸಿ. ಎರಡೂ ಮರ್ಯಾದೆಯ ದಾರಿ. ನೋಡದೆಯೇ "ಬೋರ್ಡ್ ಹೋಗಿದೆ" ಎನ್ನುವುದನ್ನು ಯಾವ ಬಾಡಿಗೆಯೂ ಸಮರ್ಥಿಸುವುದಿಲ್ಲ.

"ರೆಡಿಮೇಡ್ ತೆಗೆದುಕೊಂಡಿದ್ದರೆ ಈ ರಗಳೆ ಇರುತ್ತಿರಲಿಲ್ಲ" ಎಂಬ ಇನ್ನೊಂದು ಬುದ್ಧಿಮಾತಿದೆ. ಮಲೆನಾಡಿನಲ್ಲಿ ಕೂತು ಈ ಮಾತು ಹೇಳುವವರನ್ನು ಕಂಡರೆ ಇನ್ನೂ ಸಿಟ್ಟು ಬರುತ್ತದೆ. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳು ನಮ್ಮವು. ಕೆಲವು ಎಸ್‌ಎಂಪಿಎಸ್‌ಗಳ ಮೇಲೆ 100ರಿಂದ 240 ವೋಲ್ಟ್ ಎಂದಿರುತ್ತದೆ, ಕೆಲವದರ ಮೇಲೆ 200ರಿಂದ 240 ಎಂದಿರುತ್ತದೆ. ಸಂಜೆ ವೋಲ್ಟೇಜ್ ಕುಸಿಯುವ ಮನೆಗೆ ಯಾವುದು ಬೇಕೆಂದು ಆ ಚೀಟಿ ಓದಿ ಕೊಂಡವನಿಗೇ ಗೊತ್ತು. ಹಳೆಯ ಮನೆಯಲ್ಲಿ ಅರ್ಥಿಂಗ್ ಇಲ್ಲದೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು ಏಕೆಂದು ತಿಳಿಯುವುದೂ ಅವನಿಗೇ. ಕೋಣಂದೂರಿಗೆ ಯಾವ ಕಂಪನಿಯ ಎಂಜಿನಿಯರ್ ಓಡಿ ಬರುತ್ತಾನೆ? ತಾನೇ ಜೋಡಿಸಿದವನು ತಾನೇ ಬಿಚ್ಚಬಲ್ಲ. ಆ ಧೈರ್ಯವನ್ನೇ ಅಂಗಡಿಯ ಮೇಜಿನ ಮುಂದೆ ನಿಲ್ಲಿಸಿ, ಅಪ್ಪನ ಎದುರಿಗೇ ಚಿವುಟಿ ಹಾಕುವುದು ನನಗೆ ಸಹಿಸಲಾಗದ ಸಂಗತಿ. ಹೋದ ಹಣ ಮತ್ತೆ ಬರುತ್ತದೆ. "ನನ್ನಿಂದಲೇ ಕೆಟ್ಟಿತು" ಎಂದು ಒಮ್ಮೆ ನಂಬಿದ ಹುಡುಗ ಮತ್ತೆ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ.

ಅಂಗಡಿ ಮುಚ್ಚಿದ್ದಕ್ಕೆ ನನಗೆ ಎಂದೂ ಬೇಸರವಾಗಿರಲಿಲ್ಲ. ಇವತ್ತು ಆಯಿತು.

ಆದ್ದರಿಂದ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯ ಯಾವ ಹುಡುಗ ಹುಡುಗಿಯೇ ಆಗಲಿ, ಜೋಡಿಸಿದ ಮೊದಲ ಕಂಪ್ಯೂಟರ್ ಏಳದಿದ್ದರೆ ಅಂಗಡಿಗೆ ಹೊರುವ ಮೊದಲು ನನಗೆ ಬರೆಯಿರಿ. ಹಣ ಬೇಡ. ಅದಕ್ಕೂ ಮೊದಲು ಇಷ್ಟು ನೋಡಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಮಾನಿಟರ್‌ನ ವೈರ್ ಆ ಕಾರ್ಡ್‌ಗೇ ಹೋಗಬೇಕು. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್‌ನೊಳಗೆ ಚಿತ್ರ ಮೂಡಿಸುವ ಭಾಗ ಇರುವುದಿಲ್ಲ, ಹಾಗಾಗಿ ಬೋರ್ಡ್‌ನ ಕಿಂಡಿಗೆ ಚುಚ್ಚಿದರೆ ಏನೂ ಬರುವುದಿಲ್ಲ. ಫ್ಯಾನ್ ಕೂಡ ತಿರುಗದಿದ್ದರೆ ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ನೋಡಿ, ಆಮೇಲೆ ಬಟನ್‌ನ ಎರಡು ಸಣ್ಣ ವೈರ್‌ಗಳು ಸರಿಯಾದ ಪಿನ್‌ಗಳ ಮೇಲಿವೆಯೇ ಎಂದು ಬೋರ್ಡ್‌ನ ಪುಸ್ತಕದಲ್ಲಿ ನೋಡಿ. ಎರಡು ರ್‍ಯಾಮ್ ಇದ್ದರೆ ಒಂದನ್ನು ತೆಗೆದು, ಇನ್ನೊಂದನ್ನು ಆ ಪುಸ್ತಕ ಹೇಳಿದ ಸ್ಲಾಟ್‌ನಲ್ಲಿ ಹಾಕಿ ಪ್ರಯತ್ನಿಸಿ. ಮುಟ್ಟುವ ಮೊದಲು ಪ್ರತಿ ಸಲವೂ ವೈರ್ ಕಿತ್ತಿರಬೇಕು. ಎಸ್‌ಎಂಪಿಎಸ್ ಅನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ.

ಫೋಟೋ ಕಳಿಸುವಾಗ ಹಗಲು ಬೆಳಕಿನಲ್ಲಿ ತೆಗೆಯಿರಿ. ಇಡೀ ಬೋರ್ಡ್ ಕಾಣಲಿ, ಪ್ರೊಸೆಸರ್ ಪಕ್ಕದ ಮೂಲೆ ಮತ್ತು ರ್‍ಯಾಮ್‌ನ ಎರಡೂ ತುದಿಗಳು ಹತ್ತಿರದಿಂದ ಕಾಣಲಿ. ಯಾವ ದೀಪ ಉರಿಯುತ್ತಿದೆ, ಎಷ್ಟು ಹೊತ್ತು ಕಾದಿರಿ ಎಂಬುದನ್ನು ಜೊತೆಯಲ್ಲಿ ಬರೆಯಿರಿ. ರಾತ್ರಿ ಊಟ ಮುಗಿಸಿ ಉತ್ತರಿಸುತ್ತೇನೆ.