ನಾಯಕರಾಗಲು ಹತ್ತು ಪುಸ್ತಕವಂತೆ!

ನಿನ್ನೆ ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನಲ್ಲಿ ಕಾಫಿ ಬೆಳೆಗಾರರಿಗೆ, ಸಹಕಾರಿ ಸೊಸೈಟಿ ಪದಾಧಿಕಾರಿಗಳಿಗೆ ಅಂತ ನಾಯಕತ್ವ ಶಿಬಿರ ಇತ್ತು. ಸೊಸೈಟಿಯ ಮಾಜಿ ಅಧ್ಯಕ್ಷನಾದ ನನ್ನನ್ನು ಯಾಕೆ ಕರೆದರೋ, ಕುರ್ಚಿ ತುಂಬಬೇಕಿತ್ತೇನೋ. ಪಂದಿಕರಿ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬರೀ ದೂರು ಅನ್ನಬೇಡಿ.

ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಕೊನೆಗೆ ಪರದೆ ಮೇಲೆ ಹತ್ತು ಪುಸ್ತಕಗಳ ಪಟ್ಟಿ ಹಾಕಿದರು. ಎಲ್ಲರೂ ಮೊಬೈಲ್ ಎತ್ತಿ ಫೋಟೊ ಹೊಡೆದುಕೊಂಡರು. ಹತ್ತಕ್ಕೆ ಹತ್ತೂ ಗೆದ್ದವರ ಪುಸ್ತಕ. ಕಂಪನಿ ಕಟ್ಟಿದವನು, ಕಟ್ಟಿ ಮಾರಿದವನು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಉದ್ಧಾರವಾದವನು. ನಾಲ್ಕಕ್ಕೆ ಏಳುವುದೇ ನಾಯಕತ್ವವಾದರೆ ನಮ್ಮ ತೋಟದ ಆಳುಗಳಿರುವ ಲೈನ್ ಮನೆಯ ಹೆಂಗಸರೆಲ್ಲ ಇಷ್ಟೊತ್ತಿಗೆ ವಿಧಾನಸೌಧದಲ್ಲಿರಬೇಕಿತ್ತು.

ನನ್ನ ತಕರಾರು ಒಂದೇ. ಇವೆಲ್ಲ ಕುರ್ಚಿಯಲ್ಲಿ ಕೂತವನ ಮಾತು. ಆ ಕುರ್ಚಿಯ ಮುಂದೆ ಕೈಕಟ್ಟಿ ನಿಂತವನಿಗೆ ಏನನ್ನಿಸಿತು ಅಂತ ಒಂದು ಪುಟವೂ ಇರುವುದಿಲ್ಲ.

ಎದ್ದು ನಿಂತು, "ಮಾಸ್ತಿಯವರ ಕಾದಂಬರಿ ಚಿಕವೀರರಾಜೇಂದ್ರ ಯಾಕಿಲ್ಲ?" ಅಂತ ಕೇಳಿದೆ. "ಇದು ಹಿಸ್ಟರಿ ಸೆಷನ್ ಅಲ್ಲ ಸರ್" ಅಂದು ನಕ್ಕರು. ಅದೂ ಮಡಿಕೇರಿಯಲ್ಲಿ ಕೂತು!

1834ರಲ್ಲಿ ಇಂಗ್ಲಿಷರು ನಮ್ಮ ಕೊಡಗಿನ ಅರಸನನ್ನು ಇಳಿಸಿದ ಕಥೆ ಅದು. ಪುಸ್ತಕ ಬಂದದ್ದು 1956ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಇತಿಹಾಸ ಹೀಗೇ ಇತ್ತಾ ಅಂತ ಕಾಮೆಂಟಿನಲ್ಲಿ ಜಗಳಕ್ಕೆ ಬರಬೇಡಿ, ಅದು ಕಾದಂಬರಿ. ಅರಸ ಕೆಟ್ಟವನು ಅನ್ನುವುದು ಅಲ್ಲಿ ದೊಡ್ಡ ವಿಷಯವೇ ಅಲ್ಲ. ಅವನ ಕೈಕೆಳಗೆ ಬೋಪಣ್ಣ, ಲಕ್ಷ್ಮೀನಾರಾಯಣಯ್ಯನಂಥ ಮಂತ್ರಿಗಳು ಪಡುವ ಪಾಡು ನೋಡಿ. ಸಹಿಸಬೇಕೋ, ಎದುರು ನಿಲ್ಲಬೇಕೋ, ಬಿಟ್ಟು ಹೋಗಬೇಕೋ? ನಿಷ್ಠೆ ಅರಸನಿಗೋ, ನಾಡಿಗೋ? ಕೊನೆಗೆ ಅರಸ ಹೋದ, ಬಂದದ್ದು ಕಂಪನಿ ಸರ್ಕಾರ. ಕಂಪನಿ ಕಟ್ಟುವ ಪುಸ್ತಕ ಓದುವವರು ಇದನ್ನೂ ಸ್ವಲ್ಪ ಓದಲಿ.

ಒಂದು ಗುಟ್ಟು ಹೇಳಲಾ? ಆ ಕಾದಂಬರಿಯಲ್ಲಿ ನನ್ನನ್ನು ಕಾಡುವವನು ಬೋಪಣ್ಣ ಅಲ್ಲ, ಕುಂಟ ಬಸವ. ಚಿಕ್ಕಂದಿನಿಂದ ಅರಸನ ಬೆನ್ನಿಗಂಟಿಕೊಂಡು ಬೆಳೆದು, ಅವನ ಚಟಕ್ಕೆಲ್ಲ ದಾರಿಮಾಡಿಕೊಟ್ಟು ಮಂತ್ರಿಯಾದವನು. ಅಧ್ಯಕ್ಷನಾಗಿದ್ದಾಗ ನನ್ನ ಸುತ್ತಲೂ ಒಬ್ಬಿಬ್ಬರು ಬಸವರಿದ್ದರು. ಅವರು ಬಂದು ಕೂತರೆ ನನಗೆ ಹಿತವೆನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಚಹಾ ಹೊತ್ತಿನಲ್ಲಿ ಒಬ್ಬರು, "ನಮಗೆ ನಾಯಕತ್ವ ಹೇಳಿಕೊಡಬೇಕಾ? ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನೆಲ" ಅಂದರು. ಸರಿ. ಆದರೆ ನಾವು ಹೇಳುವುದೂ ಯುದ್ಧದ ಕಥೆಯನ್ನೇ. 1953ರಲ್ಲಿ ತಿಮ್ಮಯ್ಯನವರು ಕೊರಿಯಾಕ್ಕೆ ಹೋಗಿದ್ದನ್ನು ಯಾರೂ ಎತ್ತುವುದಿಲ್ಲ. ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳನ್ನು ನೋಡಿಕೊಳ್ಳುವ ಆಯೋಗಕ್ಕೆ ಅವರು ಅಧ್ಯಕ್ಷರು. ಗೆಲ್ಲುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ಎರಡೂ ಕಡೆಯವರಿಂದ ಬೈಸಿಕೊಳ್ಳುವುದಷ್ಟೇ. ನನಗೆ ಅದೇ ತಿಮ್ಮಯ್ಯ ಇಷ್ಟ.

ಇನ್ನು ತೇಜಸ್ವಿಯವರ ಕಾದಂಬರಿ ಕರ್ವಾಲೊ, 1980ರದ್ದು. ಅದನ್ನು ಪ್ರಕೃತಿಯ ಪುಸ್ತಕ ಅಂತಲೇ ಎಲ್ಲರೂ ಓದುತ್ತಾರೆ. ಊರವರ ಕಣ್ಣಿಗೆ ಮಂದಣ್ಣ ಜೇನು ಹಿಡಿದುಕೊಂಡು, ಮದುವೆಗೆ ಹಾತೊರೆಯುವ ಒಬ್ಬ ಪೆದ್ದ. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಅವನು ಹುಟ್ಟು ವಿಜ್ಞಾನಿ. ಅಷ್ಟು ಓದಿದ ಮನುಷ್ಯ ಕಾಡಿನಲ್ಲಿ ಮಂದಣ್ಣನ ಮಾತು ನಂಬಿ ಹೆಜ್ಜೆ ಇಡುತ್ತಾರೆ. ಅವರೆಲ್ಲ ಹುಡುಕಿಕೊಂಡು ಹೋದ ಹಾರುವ ಓತಿ ಕೊನೆಗೂ ಕೈಗೆ ಸಿಗುವುದಿಲ್ಲ, ಆದರೂ ಹೋದ ಯಾರಿಗೂ ಸೋತೆವು ಅನ್ನಿಸುವುದಿಲ್ಲ. ಮರಗಸಿಗೆ, ಅಂದರೆ ತೋಟದ ನೆರಳಿನ ಮರ ಸವರುವಾಗ, ಯಾವ ಕೊಂಬೆ ಬಿಡಬೇಕು, ಯಾವುದು ತೆಗೆಯಬೇಕು ಅಂತ ಮರ ಹತ್ತುವವನನ್ನು ಕೇಳದೆ ಕೆಳಗಿನಿಂದ ಕೂಗಾಡುವ ನಮ್ಮ ಧಣಿಗಳು ಇದನ್ನು ವರ್ಷಕ್ಕೊಮ್ಮೆ ಓದಬೇಕು.

ಕಾರ್ನಾಡರ ತುಘಲಕ್ ನಾಟಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೂರದೃಷ್ಟಿ ದೂರದೃಷ್ಟಿ ಅಂತ ಕುಣಿಯುವವರು ರಾಜಧಾನಿ ಬದಲಿಸಿದ ಸುಲ್ತಾನನ ಮಾತಿಗೆ ದೆಹಲಿಯಿಂದ ದೌಲತಾಬಾದಿಗೆ ನಡೆದವರ ಕಾಲು ನೋಡಲಿ, ಸಾಕು. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ದಪ್ಪ ಪುಸ್ತಕ, ಹೆದರಿಕೆಯಾದರೆ ಮೊದಲ ಪುಟದ "ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ" ಅನ್ನುವ ಮಾತನ್ನಾದರೂ ಓದಿ. ಆಳು ಗುತ್ತಿಯ ನಾಯಿ ಹುಲಿಯನಿಗೂ ಅಲ್ಲಿ ಗೌಡರಷ್ಟೇ ಜಾಗ ಇದೆ.

ನನ್ನ ಅಕ್ಕನ ಮಗ ಹೋಮ್‌ಸ್ಟೇ ನಡೆಸುತ್ತಾನೆ, ಗೊತ್ತಲ್ಲ. ಅವನದ್ದು ಬೇರೆ ವಾದ: "ಮಾಮ, ಕಾದಂಬರಿ ಓದಿದರೆ ಬ್ಯಾಂಕ್ ಸಾಲ ತೀರ್ತದಾ? ಪ್ಲಾನಿಂಗ್ ಬೇಕು, ಲೆಕ್ಕ ಬೇಕು." ಬೇಕಪ್ಪಾ, ಯಾರು ಬೇಡ ಅಂದರು? ಲೆಕ್ಕಕ್ಕೆ ತೋಟದ ಗುಮಾಸ್ತ ರೈಟರಿದ್ದಾನೆ, ತೆರಿಗೆಗೆ ಆಡಿಟರಿದ್ದಾನೆ. ಕೊಯ್ಲಿನ ನಡುವೆ ಆಳುಗಳು ಒಟ್ಟಿಗೆ ಪಕ್ಕದ ತೋಟಕ್ಕೆ ಯಾಕೆ ಹೋದರು ಅನ್ನುವುದು ಯಾವ ಲೆಕ್ಕದ ಪುಸ್ತಕದಲ್ಲಿದೆ ತೋರಿಸು ಅಂದೆ. ಗೆಸ್ಟ್ ಬಂದರು ಅಂತ ಎದ್ದು ಹೋದ.

ಅಂದಹಾಗೆ, ನನ್ನ ಕರ್ವಾಲೊ ಪ್ರತಿಯನ್ನು ಒಯ್ದವರು ಇದನ್ನು ಓದುತ್ತಿದ್ದೀರಿ ಅಂತ ನನಗೆ ಗೊತ್ತು. ಲೈಕ್ ಒತ್ತಿ ಜಾರಿಕೊಳ್ಳಬೇಡಿ. ಶುಕ್ರವಾರ ಸಂತೆಗೆ ಬರುವಾಗ ತಂದುಕೊಡಿ, ಅಳಿಯನಿಗೆ ಕೊಡಬೇಕು.