ಬಳ್ಳಾರಿ ಬಿಸಿಲಿಗೆ 'ರೂಮ್ ಟೆಂಪರೇಚರ್' ವೈನ್? ಸತ್ಯಾಂಶ ಇಲ್ಲಿದೆ

ಗ್ರೂಪ್‌ನಲ್ಲಿ ಮತ್ತೆ ಅದೇ ಫಾರ್ವರ್ಡ್ ಬಂದಿದೆ: "ರೆಡ್ ವೈನ್ ಫ್ರಿಜ್‌ನಲ್ಲಿಟ್ಟರೆ ಕೆಡುತ್ತದೆ, ರೂಮ್ ಟೆಂಪರೇಚರ್‌ನಲ್ಲೇ ಕುಡಿಯಬೇಕು." ಸರಿ, ಆದರೆ ಯಾರ ಮನೆ ರೂಮು? ಈ ಮಾತು ಹುಟ್ಟಿದ್ದು ಯುರೋಪಿನ ಹಳೇ ಮನೆಗಳಲ್ಲಿ, ಅಲ್ಲಿ ರೂಮು ಅಂದ್ರೆ 16–18 ಡಿಗ್ರಿ. ನಮ್ಮ ಬಳ್ಳಾರಿಯಲ್ಲಿ ಮೇ ತಿಂಗಳು ಹೊರಗೆ 40 ದಾಟುತ್ತದೆ, ಫ್ಯಾನ್ ಗಾಳಿಯೂ ಬಿಸಿ.

ಜಿನ್‌ಫಾಂಡೆಲ್‌ನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದ ಈ ದಟ್ಟ ಕೆಂಪು ವೈನ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 14ರಿಂದ 16 ಪರ್ಸೆಂಟ್ ಇರುತ್ತದೆ, ಹಾಗಾಗಿ ಬೆಚ್ಚಗಾದರೆ ಮೊದಲು ಮೂಗಿಗೆ ಹೊಡೆಯೋದು ಸ್ಪಿರಿಟ್ ವಾಸನೆ, ಹಣ್ಣಿನ ಪರಿಮಳ ಹಿಂದೆ ಬಿದ್ದುಬಿಡುತ್ತದೆ. ಅದೇ ಬಾಟಲಿಯನ್ನು ಒಂದು ಗಂಟೆ ಫ್ರಿಜ್‌ನಲ್ಲಿಟ್ಟು ಗ್ಲಾಸಿಗೆ ಕಾಲು ಭಾಗ ಮಾತ್ರ ಹಾಕಿ, ಮೆಲ್ಲಗೆ ತಿರುಗಿಸಿ ಮೂಸಿ ನೋಡಿ. ಚೆನ್ನಾಗಿ ಹಣ್ಣಾದ ನೇರಳೆ ನೆನಪಾಗುತ್ತದೆ, ಆಮೇಲೆ ಕರಿಮೆಣಸಿನ ಸಣ್ಣ ಘಾಟು. ತೀರಾ ತಣ್ಣಗೆ ಮಾಡಬೇಡಿ, ವಾಸನೆಯೇ ಏಳುವುದಿಲ್ಲ. ಕುಡಿದು ಉಳಿದಿದ್ದನ್ನು ಬಿರಡೆ ಹಾಕಿ ಫ್ರಿಜ್‌ನಲ್ಲೇ ಇಡಿ, ಹೊರಗಿಟ್ಟರೇ ಬೇಗ ಕೆಡೋದು.

"ಹಣ್ಣಿನ ಎಸೆನ್ಸ್ ಹಾಕ್ತಾರೆ" ಅನ್ನೋದೂ ಸುಮ್ನೆ ಮಾತು. ಆ ಪರಿಮಳ ದ್ರಾಕ್ಷಿಯಿಂದ, ಅದು ಹುದುಗುವಾಗ ಬರುವಂಥದ್ದು.

ಮಂಡಕ್ಕಿ ಒಗ್ಗರಣೆ ಜೊತೆ ಪರವಾಗಿಲ್ಲ. ಮಿರ್ಚಿ ಮಾತ್ರ ಬೇಡ, ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಬಾಯಿ ಉರಿಯೂ ಜಾಸ್ತಿ!